ಭೂತಗನ್ನಡಿ ಹಿಡಿಯುವ ಬಗೆ

ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆಗಳ ಸೀಮೆಯಲ್ಲಿ ಒಟ್ಲು ಪಾತಿಗೆ ಚೆಲ್ಲುವ ಹೊಗೆಸೊಪ್ಪಿನ ಬೀಜವು, ಒಂದು ಗ್ರಾಂ ತೂಕಕ್ಕೆ 10,000ಕ್ಕೂ ಮಿಕ್ಕಿ ಬರುವಷ್ಟು ಸೂಕ್ಷ್ಮವಾದುದರಿಂದ, ಬರಿಗಣ್ಣಿಗೆ ಕಂದುಬಣ್ಣದ ಧೂಳಿಗಿಂತ ಹೆಚ್ಚಿನದೇನೂ ಆಗಿ ತೋರದು. ಆದರೆ ಹತ್ತುಪಟ್ಟಿನ ಪುಟ್ಟ ಮಸೂರವೊಂದನ್ನು ಕಣ್ಣಿಗೆ ಹತ್ತಿಸಿಕೊಂಡು ನೋಡಿದವನಿಗೆ, ಅದೇ ಧೂಳಿನ ಒಂದೊಂದು ಕಣದ ಮೇಲೂ ಜಾಲಾಕಾರದ ಏಣುಗಳು ಮೂಡಿರುವುದು ಗೋಚರಿಸುತ್ತದೆ. ಸರಗೂರಿನ ಕಡೆಯ ಹತ್ತಿಯ ಹೊಲಗಳಲ್ಲಿ ಎಲೆಯನ್ನು ಮಗುಚಿ ಹೇನನ್ನು ಅರಸುವ ರೈತನಿಗೂ ಇದರ ಉಪಯೋಗ ಕಡಿಮೆಯದಲ್ಲ.

ಪೀನಮಸೂರದ ಸಂಗಮದೂರಕ್ಕಿಂತ ಸಮೀಪದಲ್ಲಿ ವಸ್ತುವನ್ನಿರಿಸಿದಾಗ, ಅದರಿಂದ ಹೊರಟ ಕಿರಣಗಳು ಮಸೂರದಲ್ಲಿ ಬಾಗಿದರೂ ಆಚೆಯೆಲ್ಲಿಯೂ ಒಂದುಗೂಡಲಾರದೆ ಚದುರುತ್ತಲೇ ಸಾಗುತ್ತವೆ. ಕಣ್ಣಾದರೋ ಅವುಗಳ ಹಾದಿಯನ್ನು ನೇರವಾಗಿ ಹಿಂದಕ್ಕೆಳೆದು, ವಸ್ತುವಿರುವ ಮಗ್ಗುಲಲ್ಲಿಯೇ, ಅದಕ್ಕಿಂತ ದೂರದಲ್ಲಿ, ನೆಟ್ಟಗೆ ನಿಂತ ಹಿರಿದಾದ ಬಿಂಬವೊಂದನ್ನು ಕಾಣುತ್ತದೆ. ಆ ಸ್ಥಳದಲ್ಲಿ ಕಾಗದವನ್ನು ಒಡ್ಡಿದರೆ ಏನೂ ಮೂಡದು. ಇದೇ ಮಸೂರವು ಕಿಟಕಿಯಾಚೆಯ ತೆಂಗಿನ ಮರಗಳನ್ನು ಎದುರು ಗೋಡೆಯ ಮೇಲೆ ತಲೆಕೆಳಗಾಗಿ ಇಳಿಸಬಲ್ಲದು, ಬಿಸಿಲನ್ನು ಕೂಡಿಸಿ ಹತ್ತಿಗೆ ಕಿಡಿ ಹೊತ್ತಿಸಬಲ್ಲದು (ಹುಡುಗರಿಗೆ ಈ ಎರಡನೆಯ ವಿದ್ಯೆಯನ್ನು ಯಾರೂ ಕಲಿಸಬೇಕಾಗಿಲ್ಲ). ಅವೆರಡೂ ಸತ್ಯಬಿಂಬದ ಕಾರ್ಯಗಳು, ವಸ್ತುವು ಸಂಗಮದೂರದ ಆಚೆಗಿರುವಾಗ ಮಾತ್ರ ನಡೆಯತಕ್ಕವು. ಬೀಜದ ಏಣನ್ನು ತೋರಿಸುವುದು ಮಿಥ್ಯಾಬಿಂಬವೇ.

ಸಾಮಾನ್ಯರ ಕಣ್ಣು ಸುಮಾರು 25 ಸೆಂಟಿಮೀಟರಿಗಿಂತ ಹತ್ತಿರದ ವಸ್ತುವನ್ನು ಸ್ಪಷ್ಟವಾಗಿ ಕಾಣಲಾರದು; 2.5 ಸೆಂಟಿಮೀಟರ್ ಸಂಗಮದೂರದ ಮಸೂರವು ಅಷ್ಟೇ ಸಮೀಪಕ್ಕೆ ಬೀಜವನ್ನು ತಂದರೂ ಕಣ್ಣಿಗೆ ಮಸುಕಾಗದಂತೆ ಮಾಡುವುದರಿಂದ ಅದರ ವರ್ಧನವು ಹತ್ತುಪಟ್ಟಾಗುತ್ತದೆ. ಪತ್ರಿಕೆ ಓದಲು ಹಿರಿಯರು ಬಳಸುವ ಹಿಡಿಕೆಯ ಕನ್ನಡಿ ಎಷ್ಟೇ ಅಗಲವಾಗಿದ್ದರೂ, ಸಂಗಮದೂರ 10 ಸೆಂಟಿಮೀಟರ್ ಇದ್ದಲ್ಲಿ ಎರಡೂವರೆ ಪಟ್ಟಿಗೆ ತೃಪ್ತವಾಗಬೇಕು. ಅಗಲವನ್ನು ನೋಡಿ ಕನ್ನಡಿ ಕೊಳ್ಳುವ ನಮ್ಮವರ ಅಭ್ಯಾಸ ನನಗೆಂದೂ ಹಿಡಿಸಿದ್ದಿಲ್ಲ.

ಇನ್ನು ಹಿಡಿಯುವ ಕ್ರಮ. ಮಸೂರವನ್ನು ಎಲೆಯ ಬಳಿ ಹಿಡಿದು, ತಲೆಯನ್ನು ದೂರವಿಟ್ಟು ಇಣುಕುವವರೇ ಬಹುಮಂದಿ. ಹಾಗೆ ಮಾಡಿದಾಗ ಕಾಣುವ ವಲಯವು ಕುಗ್ಗಿ, ಒಂದಿಷ್ಟು ನಡುಭಾಗವಷ್ಟೇ ಕೈಗೆ ದೊರಕುತ್ತದೆ. ಗಡಿಯಾರ ರಿಪೇರಿಯವರು ಮಸೂರವನ್ನು ಕಣ್ಣುಗೂಡಿನಲ್ಲಿಯೇ ಸಿಕ್ಕಿಸಿಕೊಳ್ಳುವುದು ಸುಮ್ಮನೆ ಅಲ್ಲ. ಮಸೂರ ಕಣ್ಣಿಗೆ ಅಂಟಿರಲಿ, ಎಲೆಯೇ ಅದರತ್ತ ಬರಲಿ, ಬೆಳಕು ಪಕ್ಕದಿಂದ ಬೀಳಲಿ, ಇನ್ನೊಂದು ಕಣ್ಣು ತೆರೆದೇ ಇರಲಿ. ಎಲೆಯನ್ನು ಸರಿಯಾಗಿ ಸಂಗಮಬಿಂದುವಿನಲ್ಲಿ ನಿಲ್ಲಿಸಿದಾಗ ಕಿರಣಗಳು ಸಮಾಂತರವಾಗಿ ಹೊರಡುವುದರಿಂದ, ಕಣ್ಣು ದೂರದ ಬೆಟ್ಟವನ್ನು ನೋಡುವಷ್ಟೇ ನಿರಾಯಾಸವಾಗಿ, ಹೊಗೆಸೊಪ್ಪಿನ ರೋಮಗಳ ತುದಿಯಲ್ಲಿ ನಿಂತ ಅಂಟುಹನಿಗಳನ್ನೂ ಅವುಗಳಿಗೆ ಸಿಕ್ಕಿಬಿದ್ದ ಸಣ್ಣ ಕೀಟವನ್ನೂ ಎಷ್ಟು ಹೊತ್ತು ಬೇಕಾದರೂ ನೋಡುತ್ತಿರಬಹುದು.