ಥ್ಯಾಲಿಯಂ ಸ್ಕ್ಯಾನ್ ಹೇಳುವುದು, ಹೇಳದೇ ಉಳಿಸುವುದು

ಹೃದಯದ ಕಾಯಿಲೆಯ ಮಾತು ಬಂದರೆ ನಮ್ಮಲ್ಲಿ ಎಲ್ಲವೂ ‘ಬ್ಲಾಕ್’ಗೆ ಬಂದು ನಿಲ್ಲುತ್ತದೆ. ಎಷ್ಟು ಬ್ಲಾಕ್ ಇದೆ, 70 ಪರ್ಸೆಂಟೋ 90 ಪರ್ಸೆಂಟೋ ಎಂದು ನೆಂಟರಿಷ್ಟರೆಲ್ಲ ವಿಚಾರಿಸುತ್ತಾರೆ. ಆ ಬ್ಲಾಕಿನಾಚೆಯ ಸ್ನಾಯುವಿಗೆ ರಕ್ತ ಸಾಕಾಗುತ್ತಿದೆಯೇ ಎಂದು ಕೇಳುವವರು ಕಡಿಮೆ. ರೂಢಿಯಲ್ಲಿ ಥ್ಯಾಲಿಯಂ ಸ್ಕ್ಯಾನ್ ಎನ್ನುವ ಪರ್ಫ್ಯೂಷನ್ ಸ್ಕ್ಯಾನ್ ಕೇಳುವುದು ಅದನ್ನೇ. ಪ್ರಶ್ನೆ ಸರಿಯಾಗಿದೆ. ಸಿಕ್ಕ ಉತ್ತರವನ್ನು ಓದುವುದರಲ್ಲಿ, ಯಾರಿಗೆ ಈ ಪ್ರಶ್ನೆ ಕೇಳಬೇಕೆಂದು ಆರಿಸುವುದರಲ್ಲಿ ನಾವು ಎಡವುತ್ತಿದ್ದೇವೆ.

ಈ ಪರೀಕ್ಷೆಯ ಹಿಂದಿನ ತಿಳಿವಳಿಕೆಗೆ ಬುನಾದಿ 1974ರ ಒಂದು ಪ್ರಯೋಗ. ಅಮೆರಿಕದ ಕೆ. ಲ್ಯಾನ್ಸ್ ಗೌಲ್ಡ್ ಮತ್ತು ಸಂಗಡಿಗರು ನಾಯಿಗಳ ಹೃದಯದ ರಕ್ತನಾಳವನ್ನು ಸ್ವಲ್ಪಸ್ವಲ್ಪವೇ ಬಿಗಿಯುತ್ತ ಹೋದರು. ನಾಳದ ವ್ಯಾಸ ಶೇ 85ರಷ್ಟು ಕಿರಿದಾಗುವವರೆಗೂ ವಿಶ್ರಾಂತಿಯ ಹರಿವು ಕುಗ್ಗಲಿಲ್ಲ. ಹರಿವು ಗರಿಷ್ಠ ಮಟ್ಟಕ್ಕೆ ಏರಬೇಕಾದಾಗ ಮಾತ್ರ, ನಾಳ ಅರ್ಧ ಕಿರಿದಾಗುವ ಹೊತ್ತಿಗೇ ಕೊರತೆ ಕಂಡಿತು. ಮಲಗಿದ್ದಾಗ ಇಸಿಜಿ ಸರಿಯಾಗಿದ್ದವರು ಮೆಟ್ಟಿಲು ಹತ್ತುವಾಗ ಎದೆ ಹಿಡಿದುಕೊಂಡು ನಿಲ್ಲುವುದು ಇದಕ್ಕೇ.

ಹಾಗಾಗಿ ಹೃದಯವನ್ನು ದಣಿಸಿಯೇ ನೋಡಬೇಕು. ರೋಗಿಯನ್ನು ಟ್ರೆಡ್‌ಮಿಲ್ ಮೇಲೆ ನಡೆಸುತ್ತಾರೆ. ನಡೆಯಲಾಗದವರಿಗೆ ಅಡಿನೋಸಿನ್‌ನಂಥ ಔಷಧ ಕೊಟ್ಟು ರಕ್ತನಾಳಗಳನ್ನು ಹಿಗ್ಗಿಸುತ್ತಾರೆ. (ಈ ಔಷಧ ಕೊಡುವುದಿದ್ದರೆ ಹಿಂದಿನ ದಿನದಿಂದಲೇ ಕಾಫಿ, ಟೀ ಬಂದ್. ಕೆಫೀನ್ ಅದರ ಕೆಲಸವನ್ನೇ ತಡೆಯುತ್ತದೆ. ಬೆಳಿಗ್ಗೆ ಒಂದು ಲೋಟ ಕುಡಿದು ಬಂದದ್ದನ್ನು ಮುಚ್ಚಿಟ್ಟರೆ ಸ್ಕ್ಯಾನ್ ಸುಳ್ಳು ಸಮಾಧಾನ ಹೇಳಬಹುದು.) ಏದುಸಿರು ಬರುವ ಹೊತ್ತಿಗೆ, ಥ್ಯಾಲಿಯಂ ಬದಲಿಗೆ ಈಗ ಹೆಚ್ಚಾಗಿ ಬಳಸುವ, ವಿಕಿರಣ ಸೂಸುವ ಟೆಕ್ನೀಷಿಯಂ ಬೆರೆತ ಇಂಜೆಕ್ಷನ್ ಕೊಟ್ಟು ಇನ್ನೊಂದು ನಿಮಿಷ ನಡೆಸುತ್ತಾರೆ. ರಕ್ತ ಎಲ್ಲಿಗೆ ಎಷ್ಟು ಹೋಯಿತೋ ಆ ದ್ರವ್ಯವೂ ಅಲ್ಲಿಗೆ ಅಷ್ಟೇ ಹೋಗಿ ಸ್ನಾಯುವಿನಲ್ಲಿ ನೆಲೆಸುತ್ತದೆ. ಆಮೇಲೆ ಕೈಯನ್ನು ತಲೆಯ ಮೇಲಿಟ್ಟು ಮಲಗಿದವರ ಸುತ್ತ ಗಾಮಾ ಕ್ಯಾಮೆರಾ ನಿಧಾನವಾಗಿ ತಿರುಗಿದಾಗಲೂ ಸಿಗುವುದು ಆ ಏದುಸಿರಿನ ಗಳಿಗೆಯ ಚಿತ್ರವೇ. ಪರದೆಯ ಮೇಲೆ ಎಡ ಹೃತ್ಕುಕ್ಷಿಯ ಅಡ್ಡಕೊಯ್ತಗಳು ಉದ್ದಿನ ವಡೆ ಸಾಲಾಗಿ ಜೋಡಿಸಿದಂತೆ ಕಾಣುತ್ತವೆ: ಮೇಲಿನ ಸಾಲು ದಣಿದಾಗಿನದು, ಕೆಳಗಿನದು ವಿಶ್ರಾಂತಿಯದು. ಮೇಲಿನದರ ಒಂದು ಬದಿ ಮಂಕಾಗಿ, ಕೆಳಗಿನದರಲ್ಲಿ ಅದೇ ಜಾಗ ತುಂಬಿಕೊಂಡಿದ್ದರೆ ಆ ಭಾಗಕ್ಕೆ ಶ್ರಮದ ವೇಳೆ ರಕ್ತ ಸಾಲುತ್ತಿಲ್ಲ. ಎರಡರಲ್ಲೂ ಮಂಕಾಗಿದ್ದರೆ ಹಳೆಯ ಹೃದಯಾಘಾತದ ಕಲೆ ಇರಬಹುದು. ಕ್ಯಾಥೆಟರ್ ತೂರಿಸದೆ ಇಷ್ಟು ತಿಳಿಯುವುದು ಸಣ್ಣ ಮಾತಲ್ಲ.

ತೊಡಕಿರುವುದೂ ಪರದೆಯ ಮೇಲಿನ ಈ ಬಣ್ಣಗಳಲ್ಲೇ. ಗಾಮಾ ಕ್ಯಾಮೆರಾ ಹೀಗೆ ಸುತ್ತಿ ತೆಗೆಯುವ ಮಾಮೂಲಿ ಸ್ಪೆಕ್ಟ್ ಚಿತ್ರ ಹರಿವನ್ನು ಅಳೆದು ಕೊಡುವುದಿಲ್ಲ. ಹೃದಯದಲ್ಲಿ ಅತಿ ಹೆಚ್ಚು ಹೊಳೆಯುವ ಭಾಗವನ್ನು ನೂರು ಎಂದಿಟ್ಟುಕೊಂಡು ಉಳಿದದ್ದನ್ನು ಅದಕ್ಕೆ ಹೋಲಿಸುತ್ತದೆ. ಮೂರೂ ಮುಖ್ಯ ನಾಳಗಳು ಒಂದೇ ಸಮನೆ ಕಿರಿದಾಗಿದ್ದರೆ ಹೋಲಿಸುವುದಕ್ಕೆ ಚೆನ್ನಾಗಿರುವ ಭಾಗವೇ ಇರುವುದಿಲ್ಲ. ಎಲ್ಲರಿಗಿಂತ ಹೆಚ್ಚು ಅಪಾಯದಲ್ಲಿರುವ ರೋಗಿಯ ಕೈಗೇ ‘ನಾರ್ಮಲ್’ ವರದಿ ಬರಬಹುದು. ಇದಕ್ಕಿಂತ ದೊಡ್ಡ ದೋಷ ಈ ಪರೀಕ್ಷೆಯಲ್ಲಿ ನನಗೆ ಕಾಣದು. ನುರಿತ ತಜ್ಞರು ಬೇರೆ ಸುಳಿವುಗಳನ್ನು ಹುಡುಕುತ್ತಾರೆ: ದಣಿದಾಗ ಹೃತ್ಕುಕ್ಷಿ ಹಿಗ್ಗಿತೇ, ಪಂಪಿಂಗ್ ಇಳಿಯಿತೇ, ಟ್ರೆಡ್‌ಮಿಲ್ ಮೇಲೆ ಬಿಪಿ ಕುಸಿಯಿತೇ? ಬಣ್ಣವೊಂದನ್ನೇ ನೋಡಿ ಒಂದೇ ಸಾಲಿನಲ್ಲಿ ಮುಗಿಸಿದ ವರದಿಯನ್ನು ನಂಬಿ ಮನೆಗೆ ಹೋಗುವುದು ಕ್ಷೇಮವಲ್ಲ. ಇದಕ್ಕೆ ವಿರುದ್ಧವಾದ ತಪ್ಪೂ ಉಂಟು. ಸ್ತನದ ನೆರಳು ಹೃದಯದ ಮುಂಭಾಗದ ಮೇಲೆ, ವಪೆಯ ನೆರಳು ತಳಭಾಗದ ಮೇಲೆ ಬಿದ್ದು ಇಲ್ಲದ ಕಾಯಿಲೆ ಇದ್ದಂತೆ ತೋರುತ್ತದೆ. ಇರುವ ಕಾಯಿಲೆ ಕೈತಪ್ಪುವ ಮಾತಿಗೆ ಮರಳಿದರೆ, 2012ರಲ್ಲಿ ಪ್ರಕಟವಾದ ಬ್ರಿಟನ್ನಿನ ಸಿಇ-ಮಾರ್ಕ್ ಅಧ್ಯಯನದಲ್ಲಿ 752 ಮಂದಿಯನ್ನು ಪರೀಕ್ಷಿಸಿದ್ದರು. ಕಾಯಿಲೆ ಇದ್ದವರಲ್ಲಿ ಹೃದಯದ ಎಂಆರ್‌ಐ ಶೇ 86.5 ಮಂದಿಯನ್ನು ಗುರುತಿಸಿದರೆ ಸ್ಪೆಕ್ಟ್ ಗುರುತಿಸಿದ್ದು ಶೇ 66.5 ಮಂದಿಯನ್ನು. ಪೆಟ್ ಸ್ಕ್ಯಾನ್ ಹೋಲಿಕೆಗೆ ನಿಲ್ಲದೆ, ಒಂದು ಗ್ರಾಂ ಸ್ನಾಯುವಿಗೆ ನಿಮಿಷಕ್ಕೆ ಎಷ್ಟು ಮಿಲಿ ಲೀಟರ್ ರಕ್ತ ಎಂಬ ಲೆಕ್ಕವನ್ನೇ ಕೊಡಬಲ್ಲದು. ಆಂಜಿಯೋಗ್ರಾಂನಲ್ಲಿ ಕಾಣದ ಸಣ್ಣ ನಾಳಗಳ ಕಾಯಿಲೆಯನ್ನೂ ಹಿಡಿಯಬಲ್ಲದು. ಆದರೆ ಅದಕ್ಕೆ ಬಳಸುವ ದ್ರವ್ಯಗಳಲ್ಲೊಂದಾದ ರುಬಿಡಿಯಂ-82ರ ಅರ್ಧಾಯುಷ್ಯ ಒಂದೂಕಾಲು ನಿಮಿಷ. ಅದನ್ನು ತಯಾರಿಸುವ ಜನರೇಟರ್ ರೋಗಿಯ ಪಕ್ಕದಲ್ಲೇ ಇರಬೇಕು, ಖರ್ಚು ಏರುವುದು ಅಲ್ಲೇ.

2025ರ ಜೂನ್, ಜುಲೈನಲ್ಲಿ ಹಾಸನದ ಹೃದಯಾಘಾತದ ಸುದ್ದಿಗಳು ಒಂದರ ಮೇಲೊಂದು ಬಂದಾಗ ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಜನ ಸಾಲುಗಟ್ಟಿದರು. ಆ ಭಯ ನಿಜವಾದದ್ದು. ಆದರೆ ಎದೆನೋವು, ಏದುಸಿರು ಯಾವುದೂ ಇಲ್ಲದ ಮೂವತ್ತರ ಯುವಕನಿಗೆ ಪರ್ಫ್ಯೂಷನ್ ಸ್ಕ್ಯಾನ್ ಮಾಡಿಸಿದರೆ ಆ ಭಯಕ್ಕೆ ಉತ್ತರ ಸಿಗುವುದಿಲ್ಲ. ಪರೀಕ್ಷೆಯ ಫಲಿತಾಂಶದ ಬೆಲೆ ಅದಕ್ಕೂ ಮೊದಲು ಕಾಯಿಲೆಯ ಸಾಧ್ಯತೆ ಎಷ್ಟಿತ್ತು ಎಂಬುದರ ಮೇಲೆ ನಿಂತಿದೆ ಎಂದು ಡೈಮಂಡ್ ಮತ್ತು ಫಾರೆಸ್ಟರ್ 1979ರಲ್ಲೇ ತೋರಿಸಿದ್ದರು. ಸಾಧ್ಯತೆ ತೀರಾ ಕಡಿಮೆ ಇರುವವರಲ್ಲಿ ‘ಪಾಸಿಟಿವ್’ ಬಂದರೆ ಅದು ಸುಳ್ಳಾಗಿರುವ ಸಂಭವವೇ ಹೆಚ್ಚು. ‘ನಾರ್ಮಲ್’ ಬಂದರೂ ಅಭಯವಲ್ಲ. ರಕ್ತದ ಹರಿವಿಗೆ ಅಡ್ಡಿಯನ್ನೇ ಮಾಡದ ಸಣ್ಣ ಕೊಬ್ಬಿನ ಗಂಟು ಒಡೆದು, ಅದರ ಮೇಲೆ ರಕ್ತ ಹೆಪ್ಪುಗಟ್ಟಿ ಹೃದಯಾಘಾತ ಆಗಬಹುದು. ಇಂಥವರಿಗೆ ಬಿಪಿ, ಶುಗರ್, ಕೊಲೆಸ್ಟರಾಲ್ ನೋಡಿಸಿ ಬೀಡಿ ಸಿಗರೇಟು ಬಿಡಿಸುವುದೇ ಹೆಚ್ಚು ಉಪಕಾರ.

ಇನ್ನು, ಮಂಕು ಕಂಡೊಡನೆ ಸ್ಟೆಂಟ್ ಹಾಕಿಸುವ ಆತುರ. ಪರೀಕ್ಷೆಗಳಲ್ಲಿ ಮಧ್ಯಮದಿಂದ ತೀವ್ರ ಮಟ್ಟದ ರಕ್ತದ ಕೊರತೆ ಕಂಡಿದ್ದ 5,179 ಮಂದಿಯ ಮೇಲೆ ನಡೆದ, ಭಾರತವೂ ಪಾಲ್ಗೊಂಡಿದ್ದ ಇಸ್ಕೀಮಿಯಾ ಅಧ್ಯಯನ 2020ರಲ್ಲಿ ಪ್ರಕಟವಾಯಿತು. ಒಳ್ಳೆಯ ಔಷಧದ ಜೊತೆಗೆ ಮೊದಲೇ ಸ್ಟೆಂಟ್ ಅಥವಾ ಬೈಪಾಸ್ ಮಾಡಿಸಿಕೊಂಡವರಲ್ಲಿ ಎದೆನೋವು ಕಡಿಮೆಯಾಯಿತು, ಸುಮಾರು ಮೂರು ವರ್ಷಗಳ ಅವಧಿಯಲ್ಲಿ ಸಾವು ಕಡಿಮೆಯಾಗಲಿಲ್ಲ. ಎಡ ಮುಖ್ಯ ನಾಳದಲ್ಲೇ ದೊಡ್ಡ ಬ್ಲಾಕ್ ಇದ್ದವರನ್ನು, ಆಗತಾನೇ ಹೃದಯಾಘಾತ ಆದವರನ್ನು ಆ ಅಧ್ಯಯನಕ್ಕೆ ಸೇರಿಸಿರಲಿಲ್ಲ. ಅವರ ದಾರಿಯೇ ಬೇರೆ. ಉಳಿದವರ ವಿಷಯದಲ್ಲಿ ಸ್ಕ್ಯಾನ್ ವರದಿಯನ್ನು ಸ್ಟೆಂಟಿನ ಚೀಟಿಯಂತೆ ಬಳಸುವುದಕ್ಕೆ ಆಧಾರವಿಲ್ಲ.

ಹಿಂದೆ ಬೈಪಾಸ್ ಆಗಿ ಈಗ ಮತ್ತೆ ಎದೆ ಬಿಗಿಯುತ್ತಿದೆ ಎನ್ನುವವರು, ಕಿಡ್ನಿ ತೊಂದರೆಯಿಂದ ಸಿಟಿ ಆಂಜಿಯೋಗ್ರಾಂನ ಡೈ ಹಾಕಿಸಿಕೊಳ್ಳಲಾಗದವರು, ಆಂಜಿಯೋಗ್ರಾಂನಲ್ಲಿ 60 ಪರ್ಸೆಂಟ್ ಎಂದು ಬರೆಸಿಕೊಂಡು ಮುಂದೇನು ಎಂದು ತಿಳಿಯದೆ ಕೂತವರು. ಈ ಸ್ಕ್ಯಾನ್ ನಿಜವಾಗಿ ಕೈಹಿಡಿಯುವುದು ಇವರನ್ನು. ಎಡ ಹೃತ್ಕುಕ್ಷಿಯನ್ನು 17 ಭಾಗ ಮಾಡಿ ಓದುವ ಪದ್ಧತಿ 2002ರಿಂದಲೂ ಇದೆ. ಅವುಗಳಲ್ಲಿ ಎಷ್ಟು ಭಾಗಕ್ಕೆ ರಕ್ತ ಸಾಲುತ್ತಿಲ್ಲ, ಎಷ್ಟರ ಮಟ್ಟಿಗೆ, ಎಷ್ಟು ನಡೆದ ಮೇಲೆ ಎಂಬ ಮೂರು ಸಂಗತಿ ವರದಿಯಲ್ಲಿ ಇರಲೇಬೇಕು. ಇಲ್ಲದಿದ್ದರೆ ರೋಗಿಯ ಕಡೆಯವರು ಡಾಕ್ಟರನ್ನು ಕೇಳಿ ಬರೆಸಿಕೊಳ್ಳಲಿ.