ನೊರೆಯ ಮೇಲಿನ ಚಿತ್ರಕ್ಕೆ ಅಳತೆಗೋಲು ಯಾವುದು?

ಕಪ್ಪು ಬಟ್ಟಲಿನಲ್ಲಿ ಕಡೆದ ಚಹಾ, ಅದರ ದಟ್ಟ ನೊರೆಯ ಮೇಲೆ ಬೆಟ್ಟ, ಬಿದಿರು, ಕೊಕ್ಕರೆ. ಚೀನಾದ ‘ಚಾಬೈಶಿ’ ಕಲೆಯ ವಿಡಿಯೊಗಳಿಗೆ ಈಗ ನೋಡುಗರ ಕೊರತೆಯಿಲ್ಲ. 2022ರ ‘ಮೆಂಗ್ ಹುವಾ ಲು’ ಧಾರಾವಾಹಿಯಲ್ಲಿ ಚಹಾದಂಗಡಿ ನಡೆಸುವ ನಾಯಕಿ ಈ ಕೈಚಳಕ ತೋರಿಸಿದ ಮೇಲಂತೂ ಕಲಿಯುವವರ ಸಾಲೂ ಬೆಳೆಯಿತು. ಮೆಚ್ಚುಗೆ ಸಾಕಷ್ಟಿದೆ, ಇದರಲ್ಲಿ ಒಳ್ಳೆಯದು ಯಾವುದು, ಬರಿಯ ಆಡಂಬರ ಯಾವುದು ಎಂದು ಕೇಳುವವರು ಕಡಿಮೆ.

ಉತ್ತರಕ್ಕೆ ಹಳೆಯ ದಾಖಲೆಗೆ ಹೋಗಬೇಕು. ಹತ್ತನೆಯ ಶತಮಾನದ ತಾವ್ ಗು ಹೆಸರಿನಲ್ಲಿರುವ ‘ಚಿಂಗ್ ಯಿ ಲು’ ಗ್ರಂಥವು, ಬಿಸಿನೀರು ಸುರಿದು ಚಮಚ ಆಡಿಸಿ ಚಹಾದ ಮೇಲೆ ಹಕ್ಕಿ, ಮೀನು, ಹೂವುಗಳನ್ನು ಮೂಡಿಸುತ್ತಿದ್ದವರ ಬಗ್ಗೆ ಹೇಳುತ್ತದೆ. ಆ ರೂಪಗಳು ಕ್ಷಣದಲ್ಲೇ ಕರಗುತ್ತಿದ್ದವಂತೆ. ಫುಚ್ವಾನ್ ಎಂಬ ಭಿಕ್ಷು ಬಟ್ಟಲಿಗೊಂದು ಸಾಲಿನಂತೆ ನಾಲ್ಕು ಬಟ್ಟಲುಗಳಲ್ಲಿ ಒಂದು ಪದ್ಯವನ್ನೇ ಬರೆಯುತ್ತಿದ್ದನಂತೆ. ಚಹಾಶಾಸ್ತ್ರದ ಆದಿಗುರು ಲು ಯುವನ್ನೇ ಗೇಲಿ ಮಾಡುವಷ್ಟು ಗರ್ವ ಅವನಿಗೆ.

ಆದರೆ ಸಾಂಗ್ ರಾಜವಂಶದ ಕಾಲದ ರಸಿಕರ ಕಣ್ಣು ಮೊದಲು ಬೀಳುತ್ತಿದ್ದುದು ನೊರೆಯ ಮೇಲೆ. ಹಬೆಯಲ್ಲಿ ಬೇಯಿಸಿ, ರಸ ಹಿಂಡಿ, ಬಿಲ್ಲೆ ಕಟ್ಟಿದ ಚಹಾವನ್ನು ಬೀಸಿ ಜರಡಿ ಹಿಡಿಯುತ್ತಿದ್ದರು. ಬಿಸಿ ಮಾಡಿದ ಬಟ್ಟಲಿನಲ್ಲಿ ಆ ಪುಡಿಯನ್ನು ಕಲಸಿ, ನೀರು ಹಾಕುತ್ತ ಕಡೆಯುತ್ತಿದ್ದರು. ಚಕ್ರವರ್ತಿ ಹುಯ್‌ಜೋಂಗ್ 1107ರ ತನ್ನ ಗ್ರಂಥದಲ್ಲಿ ಏಳು ಬಾರಿ ನೀರು ಹಾಕುವ ಬಗೆಯನ್ನು ಒಂದೊಂದಾಗಿ ವಿವರಿಸಿದ್ದಾನೆ. ಚಹಾ ಪಂದ್ಯದಲ್ಲಿ ಯಾರ ನೊರೆ ಮೊದಲು ಸರಿದು ನೀರಿನ ಗೆರೆ ಕಾಣುತ್ತದೋ ಅವರಿಗೆ ಸೋಲು. ಬಿಳಿ ನೊರೆ ಎದ್ದು ಕಾಣಲೆಂದೇ ಫುಜಿಯಾನಿನ ಜಿಯಾನ್ ಗೂಡುಗಳ ಕಪ್ಪು ಬಟ್ಟಲನ್ನು ಅದೇ ಸಾಂಗ್ ಕಾಲದ ಚಹಾ ಲೇಖಕ ತ್ಸಾಯ್ ಶಿಯಾಂಗ್ ಮೆಚ್ಚಿದ. ಅಂದರೆ ಚಿತ್ರ ನಿಲ್ಲಬೇಕಾದದ್ದು ಕಡೆತದ ಪರಿಣತಿಯ ಮೇಲೆ. 1391ರಲ್ಲಿ ಮಿಂಗ್ ಚಕ್ರವರ್ತಿ ಹೊಂಗ್‌ವು ಬಿಲ್ಲೆ ಚಹಾದ ಕಪ್ಪವನ್ನು ನಿಲ್ಲಿಸಿದ. ಎಲೆ ಚಹಾ ಮೇಲಾಯಿತು, ಕಡೆಯುವ ರೂಢಿ ಚೀನಾದಲ್ಲಿ ಸೊರಗಿತು.

ಇಂದಿನ ಪುನರುಜ್ಜೀವನದಲ್ಲಿ ಫುಜಿಯಾನಿನ ವುಯಿಶಾನ್‌ನ ಜಾಂಗ್ ಝಿಫೆಂಗ್ ಅವರ ಹೆಸರು ಮುಖ್ಯ. 2017ರಲ್ಲಿ ಈ ಕಲೆ ಆ ಪ್ರಾಂತ್ಯದ ಪರಂಪರೆ ಪಟ್ಟಿಗೂ ಸೇರಿತು. ಅವರ ಪದ್ಧತಿಯಲ್ಲಿ ನೊರೆಯ ಮೇಲೆ ಬೀಳುವುದು ಬರೀ ನೀರು. ನೀರು ತಾಗಿದೆಡೆ ನೊರೆ ತಿಳಿಯಾಗಿ ಗೆರೆ ಮೂಡುತ್ತದೆ. ಗೆರೆಯ ಅಂಚು ಹರಡುತ್ತದೆ, ತಿದ್ದಲು ಎಡೆಯಿಲ್ಲ. ನೊರೆ ತೆಳುವಾಗಿದ್ದರೆ ಚಿತ್ರವೇ ಇಲ್ಲ. ಹಳೆಯ ಪಂದ್ಯದ ಶಿಸ್ತು ಇಲ್ಲಿ ಇನ್ನೂ ಜೀವಂತವಾಗಿದೆ.

ಜನಪ್ರಿಯವಾಗಿರುವುದು ಇನ್ನೊಂದು ದಾರಿ: ಹಸಿರು ಚಹಾಪುಡಿಯನ್ನು ಗಟ್ಟಿಯಾಗಿ ಕಲಸಿ, ಕಡ್ಡಿಯಲ್ಲಿ ಅದ್ದಿ ಬರೆಯುವುದು. ಅರಮನೆ, ಪಾಂಡಾ, ಸುಂದರಿಯ ಕಣ್ರೆಪ್ಪೆ, ಏನು ಬೇಕಾದರೂ ಬಿಡಿಸಬಹುದು. ಅದೂ ಚಹಾವೇ ತಾನೇ, ಹೊಸಬರಿಗೆ ಸುಲಭ ತಾನೇ ಎಂಬ ವಾದದಲ್ಲಿ ಹುರುಳಿದೆ. ಚಮಚವಂತೂ ಹಳೆಯ ದಾಖಲೆಯಲ್ಲೇ ಇದೆ. ಆದರೆ ಅಲ್ಲಿನ ಚಮಚ ಚಹಾವನ್ನೇ ಕದಡಿ ರೂಪ ತೆಗೆಯುತ್ತಿತ್ತು. ಈ ಕಡ್ಡಿ ನೊರೆಯನ್ನು ಹಾಳೆಯಾಗಿಸಿಕೊಳ್ಳುತ್ತದೆ. ಕಾಫಿಯ ಮೇಲೆ ಹಾಲಿನ ಎಲೆ ಮೂಡಿಸುವವರೂ ಸುರಿಯುವ ಹದವನ್ನೇ ನಂಬುತ್ತಾರೆ. ಕಡ್ಡಿಯ ಚಿತ್ರದಲ್ಲಿ ಕಾಣುವುದು ಚಿತ್ರಕಾರನ ಕೈ. ಚಹಾ ಮಾಡುವವನ ಕೈ ಹಿಂದೆ ಸರಿದಿದೆ. ವಿವರ ಹೆಚ್ಚಿದಷ್ಟೂ ಈ ನಷ್ಟ ಹೆಚ್ಚು, ಏಕೆಂದರೆ ರೆಪ್ಪೆ ಎಣಿಸಿ ಬರೆಯುವಷ್ಟರಲ್ಲಿ ಚಹಾ ಆರಿರುತ್ತದೆ.

ರುಚಿಯ ಮಾತಂತೂ ಯಾರ ಬಾಯಲ್ಲೂ ಇಲ್ಲ. ಹುಯ್‌ಜೋಂಗ್‌ನ ಗ್ರಂಥ ರುಚಿ, ಪರಿಮಳ, ಬಣ್ಣ ಮೂರನ್ನೂ ಚರ್ಚಿಸುತ್ತದೆ. ನಮ್ಮ ವಿಡಿಯೊಗಳು ಫೋಟೊ ತೆಗೆದಲ್ಲಿಗೆ ಮುಗಿಯುತ್ತವೆ. ಕಡ್ಡಿಯ ಚಿತ್ರ ಕಲಿಕೆಯ ಮೊದಲ ಮೆಟ್ಟಿಲಾಗಿರಲಿ, ತಕರಾರಿಲ್ಲ. ಶ್ರೇಷ್ಠವೆಂದು ಕರೆಯುವ ಮುನ್ನ ಮಾತ್ರ ಕಲಸಿದ ಹಿಟ್ಟನ್ನು ಪಕ್ಕಕ್ಕಿಟ್ಟು ನೀರಿನಲ್ಲೇ ಬರೆಸಬೇಕು, ತೀರ್ಪುಗಾರರು ಆ ಬಟ್ಟಲಿನ ಚಹಾವನ್ನು ಬಿಸಿಯಿರುವಾಗಲೇ ಕುಡಿದು ಅಂಕ ಕೊಡಬೇಕು.