ಪಹಣಿಯೊಳಗಿನ ಕುಸುರಿ

ಪಹಣಿಯನ್ನು ಓದಿ ಸುಖಪಡುವವರು ಕಡಿಮೆ. ಬೆಳೆಸಾಲಕ್ಕೋ ಕೋರ್ಟಿನ ದಾವೆಗೋ ಬೇಕಾದಾಗ ತೆಗೆಸುತ್ತಾರೆ, ಒಂಬತ್ತನೇ ಕಾಲಂ ಮೇಲೆ ಬೆರಳಿಟ್ಟು ಹೆಸರು ಸರಿಯಿದೆಯೇ ನೋಡುತ್ತಾರೆ, ಮಡಿಸಿ ಜೇಬಿಗಿಡುತ್ತಾರೆ. ಗುಂಡ್ಲುಪೇಟೆ, ಚಾಮರಾಜನಗರದ ಕಡೆಯ ಮಾತಿನಲ್ಲಿ ಅದು ಬರೀ ‘ಪಾಣಿ’. ತಾಲ್ಲೂಕು ಕಚೇರಿಯ ಮುಂದಿನ ಜೆರಾಕ್ಸ್ ಅಂಗಡಿಯಲ್ಲಿ ಒಂದರ ಮೇಲೊಂದು ಬೀಳುವ ಆ ಹಾಳೆಗಳನ್ನು ಕಂಡಾಗ ನನಗೆ ಮಾತ್ರ ನಿಂತು ಓದುವ ಆಸೆ. ಸಾಫ್ಟ್‌ವೇರ್ ಬರೆದು ಹೊಟ್ಟೆ ಹೊರೆಯುವವನ ಚಪಲ ಎನ್ನಿ.

ಆ ಒಂದು ಹಾಳೆಯಲ್ಲಿ ಎಷ್ಟು ಪದರ! ಮೇಲ್ತುದಿಯಲ್ಲಿ ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ. ತೆರಕಣಾಂಬಿ ಹೋಬಳಿಯ ಯಾವುದೋ ಒಂದು ಊರು ಎಂದಿಟ್ಟುಕೊಳ್ಳೋಣ. ಅದರ ಕೆಳಗೆ ಸರ್ವೆ ನಂಬರು, ನಂಬರಿನೊಳಗೆ ಹಿಸ್ಸಾ. ಹಿಸ್ಸಾದ ಒಟ್ಟು ವಿಸ್ತೀರ್ಣ, ಅದರಲ್ಲಿ ಸಾಗುವಳಿಗೆ ಒದಗದ ಖರಾಬು ಕಳೆದು ಉಳಿದದ್ದು. ಒಂಬತ್ತರಲ್ಲಿ ಖಾತೆದಾರರು, ಹತ್ತರಲ್ಲಿ ಆ ಹಕ್ಕು ಅವರಿಗೆ ಬಂದ ಬಗೆ ಮತ್ತು ಎಂ.ಆರ್. (ಮ್ಯುಟೇಶನ್ ರಿಜಿಸ್ಟರ್) ನಂಬರು, ಹನ್ನೊಂದರಲ್ಲಿ ಬ್ಯಾಂಕಿನ ಋಣ, ಹನ್ನೆರಡರಲ್ಲಿ ಸಾಗುವಳಿ. ಸಾಗುವಳಿಯೊಳಗೆ ಮತ್ತೆ ವರ್ಷ, ಹಂಗಾಮು, ಬೆಳೆ: ಒಂದು ಮುಂಗಾರಿಗೆ ಚೆಂಡು ಹೂ, ಇನ್ನೊಂದಕ್ಕೆ ಸಣ್ಣ ಈರುಳ್ಳಿ, ತೆಂಗಿನ ನಡುವೆ ಅರಿಶಿನ ಹಾಕಿದ್ದರೆ ಮಿಶ್ರ ಬೆಳೆ. ಪ್ರತಿಯೊಂದೂ ಇನ್ನೊಂದರ ಹೊಟ್ಟೆಯೊಳಗೆ ಕೂತಿದೆ.

ಡೇಟಾಬೇಸ್ ಈ ಹೊಟ್ಟೆಯನ್ನು ಒಪ್ಪುವುದಿಲ್ಲ. 1970ರಲ್ಲಿ ಐಬಿಎಂನ ಎಡ್ಗರ್ ಕಾಡ್ ರಿಲೇಶನಲ್ ಮಾದರಿಯನ್ನು ಮಂಡಿಸಿದ ಮೇಲೆ ಎಲ್ಲವೂ ಚಪ್ಪಟೆ ಕೋಷ್ಟಕ. ಖಾತೆದಾರರದ್ದು ಒಂದು ಟೇಬಲ್, ಋಣಗಳದ್ದು ಒಂದು, ಬೆಳೆಗಳದ್ದು ಒಂದು. ಯಾವ ಸಾಲು ಯಾವ ಸರ್ವೆ ನಂಬರಿಗೆ ಸೇರಿದ್ದು ಎಂಬುದಕ್ಕೆ ಫಾರಿನ್ ಕೀ ಎಂಬ ಒಂದು ಅಂಕೆ. ಪ್ರೋಗ್ರಾಂ ಬರೆಯುವವನಿಗೋ ಗಿಡದಂತೆ ಕವಲೊಡೆದ ವಸ್ತುವೇ ಇಷ್ಟ. ಇವೆರಡರ ನಡುವೆ ಕೂತು ಕವಲನ್ನು ಕೋಷ್ಟಕಕ್ಕೂ ಕೋಷ್ಟಕವನ್ನು ಕವಲಿಗೂ ಹೊಂದಿಸುವ ಲೈಬ್ರರಿಗೆ ಓಆರ್‌ಎಂ ಎನ್ನುತ್ತಾರೆ. ಜಾವಾದಲ್ಲಿ ಹೈಬರ್ನೇಟ್, ಪೈಥಾನ್‌ನಲ್ಲಿ ಎಸ್‌ಕ್ಯುಎಲ್‌ಆಲ್ಕೆಮಿ ಮತ್ತು ಜಾಂಗೊ, ರೂಬಿಯಲ್ಲಿ ರೈಲ್ಸ್‌ನ ಆ್ಯಕ್ಟಿವ್ ರೆಕಾರ್ಡ್. ಇವುಗಳಲ್ಲಿ ದಾಖಲೆ ಓದುವುದು ಯಾರಿಗಾದರೂ ಬಂದೀತು. ಒಳಪದರಗಳ ಸಮೇತ ತಿದ್ದುವಾಗ ಕೈಚಳಕ ಬೇಕು, ಸೊಗಸೂ ಅಲ್ಲೇ.

ತಿದ್ದಲು ಬಂದವನ ಕೈಯಲ್ಲಿ ಇಡೀ ಪಹಣಿ ಇರುತ್ತದೆ, ಅಲ್ಲಲ್ಲಿ ಬದಲಾಗಿ. ಓಆರ್‌ಎಂ ಪ್ರತಿ ಮಗುಸಾಲನ್ನೂ, ಅಂದರೆ ತಾಯಿದಾಖಲೆಗೆ ಸೇರಿದ ಒಳಸಾಲನ್ನೂ, ನೋಡಿ ಕೇಳಿಕೊಳ್ಳಬೇಕು: ಇದು ಮೊದಲೇ ಇದ್ದದ್ದೇ? ಹೊಸದೇ? ಮೊದಲಿದ್ದು ಈಗ ಕಾಣದಿರುವುದು ಯಾವುದು? ರೈಲ್ಸ್ 2009ರ 2.3 ಆವೃತ್ತಿಯಲ್ಲಿ ಇದಕ್ಕೆ ಕೊಟ್ಟ ಉತ್ತರ ನನಗೆ ಈಗಲೂ ಪ್ರಿಯ. ಮಗುಸಾಲಿಗೆ ಐಡಿ ಇದ್ದರೆ ತಿದ್ದು, ಐಡಿ ಇಲ್ಲದಿದ್ದರೆ ಹೊಸದಾಗಿ ಸೇರಿಸು, ತೆಗೆಯಬೇಕೆಂದರೆ ತೆಗೆಯುವ ಗುರುತನ್ನು ಬೇರೆಯಾಗಿ ಹಾಕು. ಆ ಗುರುತು ಹಾಕಿದರೂ, ಅಳಿಸಲು ಅನುಮತಿಯಿದೆ ಎಂದು ಮೊದಲೇ ಬರೆದಿಡದಿದ್ದರೆ ಅದು ಅಳಿಸುವುದಿಲ್ಲ. ಪಟ್ಟಿಯಲ್ಲಿ ಹೆಸರು ಬರಲಿಲ್ಲ ಎಂಬ ಮಾತ್ರಕ್ಕೆ ಯಾರನ್ನೂ ಹೊರಹಾಕದ ಈ ಸಂಕೋಚ ಎಷ್ಟು ಮರ್ಯಾದೆಯದು! ಇನ್ನೊಂದು ನಯವೂ ಇದೆ. ಈ ಸರ್ವೆ ನಂಬರಿನ ಹೆಸರಲ್ಲಿ ಬಂದ ತಿದ್ದುಪಡಿಯೊಳಗೆ ಪಕ್ಕದ ಜಮೀನಿನ ಖಾತೆದಾರನ ಐಡಿಯನ್ನು ಯಾರಾದರೂ ನುಸುಳಿಸಿದರೆ, ಆ ಮಗು ಈ ತಾಯಿಯದಲ್ಲ, ದಾಖಲೆ ಸಿಗಲಿಲ್ಲ ಎಂದು ರೈಲ್ಸ್ ಅಲ್ಲೇ ನಿಲ್ಲುತ್ತದೆ. ಒತ್ತುವರಿಯ ಜಗಳ ನೋಡಿ ಬೆಳೆದ ನಮ್ಮ ಕಡೆಯವರಿಗೆ ಇದರ ಬೆಲೆ ಬೇಗ ತಿಳಿಯುತ್ತದೆ.

ಒರಟಾದ ದಾರಿಯೂ ಒಂದಿದೆ, ಅದೂ ಬಳಕೆಯಲ್ಲಿದೆ. ಹಳೆಯ ಮಕ್ಕಳನ್ನೆಲ್ಲ ಅಳಿಸಿ, ಬಂದ ಪಟ್ಟಿಯನ್ನು ಹೊಸದಾಗಿ ಬರೆದುಬಿಡುವುದು. ಎರಡೇ ಸಾಲಿನ ಕೋಡು. ಪರದೆಯ ಮೇಲೆ ನೋಡಿದರೆ ವ್ಯತ್ಯಾಸವೇ ಇಲ್ಲ. ಆದರೆ ಮಾರನೆಯ ದಿನ, ನಿನ್ನೆಯ ಖಾತೆದಾರನ ಐಡಿಗೆ ಅಂಟಿಕೊಂಡಿದ್ದ ಬ್ಯಾಂಕಿನ ಋಣ ಯಾರಿಗೂ ಸೇರದೆ ತೇಲುತ್ತಿರುತ್ತದೆ, ಇಲ್ಲವೇ ಅದೂ ಜೊತೆಗೇ ಅಳಿಸಿಹೋಗಿರುತ್ತದೆ. ಮನುಷ್ಯ ಅವನೇ, ಜಮೀನು ಅದೇ, ದಾಖಲೆಗೆ ಮಾತ್ರ ನಿನ್ನೆಯವನೂ ಇಂದಿನವನೂ ಬೇರೆ. ಹೂ ಕಟ್ಟುವವರು ಬಾಡಿದ ಒಂದು ಚೆಂಡು ಹೂವಿಗಾಗಿ ಇಡೀ ಮಾಲೆಯ ದಾರ ಕತ್ತರಿಸುವುದಿಲ್ಲವಲ್ಲ. ಹೈಬರ್ನೇಟ್ ಈ ವಿಷಯದಲ್ಲಿ ಸಿಡುಕು ಸ್ವಭಾವದ್ದು: ಅನಾಥ ಸಾಲುಗಳನ್ನು ಅಳಿಸಲು ಹೇಳಿಟ್ಟ ಪಟ್ಟಿಯ ಜಾಗದಲ್ಲಿ ಬೇರೊಂದು ಪಟ್ಟಿಯನ್ನು ತಂದಿಟ್ಟರೆ ಎಕ್ಸೆಪ್ಶನ್ ಎಸೆಯುತ್ತದೆ. ಇರುವ ಪಟ್ಟಿಯೊಳಗೇ ಕೈಹಾಕಿ ತೆಗೆ, ಸೇರಿಸು ಎಂಬುದು ಅದರ ಹಟ. ಮೊದಮೊದಲು ಇದಕ್ಕೆ ಬೈದುಕೊಳ್ಳದ ಜಾವಾ ಪ್ರೋಗ್ರಾಮರ್ ಸಿಗುವುದು ಕಷ್ಟ. ಹಟ ಸರಿಯಾದದ್ದೇ.

ಅನಾಥ ಸಾಲಿನ ಮಾತು ಬಂತು. ತಾಯಿಯ ಪಟ್ಟಿಯಿಂದ ಮಗುವನ್ನು ತೆಗೆದರೆ ಮಗುವಿನ ಗತಿಯೇನು? ಎಸ್‌ಕ್ಯುಎಲ್‌ಆಲ್ಕೆಮಿ ಸಹಜವಾಗಿ ಮಾಡುವುದು ಫಾರಿನ್ ಕೀಯನ್ನು ಖಾಲಿ ಮಾಡುವುದಷ್ಟೆ. ಮಗು ಬದುಕಿರುತ್ತದೆ, ಯಾರದೂ ಅಲ್ಲದೆ. ‘ಡಿಲೀಟ್-ಆರ್ಫನ್’ ಎಂದು ಕೈಯಾರೆ ಬರೆದರೆ ಮಾತ್ರ ಅಳಿಸುತ್ತದೆ. ಹಂಗಾಮಿನ ಬೆಳೆಗೆ ಎರಡನೆಯದು ಸರಿ: ಸರ್ವೆ ನಂಬರಿಲ್ಲದ ಈರುಳ್ಳಿಗೆ ಅರ್ಥವಿಲ್ಲ. ಮನುಷ್ಯರಿಗೆ ಮೊದಲನೆಯದೇ ಸರಿ. ಜಮೀನು ಮಾರಿದವನು ಸತ್ತಿಲ್ಲ. ಇನ್ನೊಂದು ಊರಿನಲ್ಲಿ ಅವನದೇ ಇನ್ನೊಂದು ತುಂಡು ಇರಬಹುದು. ಯಾವ ಸಂಬಂಧ ಯಾವ ಜಾತಿಯದು ಎಂದು ಲೈಬ್ರರಿ ಊಹಿಸದೆ ಬರೆಯುವವನನ್ನೇ ಕೇಳುವುದರಲ್ಲಿ ಒಂದು ವಿವೇಕವಿದೆ. ಜಾಂಗೊ ರೆಸ್ಟ್ ಫ್ರೇಮ್‌ವರ್ಕ್ ಇನ್ನೂ ಒಂದು ಹೆಜ್ಜೆ ಮುಂದೆ: ಒಳಪದರದ ತಿದ್ದುಪಡಿಯನ್ನು ಅದು ತಾನಾಗಿ ಮಾಡುವುದೇ ಇಲ್ಲ, ಹೇಗೆಂದು ನೀನೇ ಬರೆ ಎಂದು ಕೈತೊಳೆದುಕೊಳ್ಳುತ್ತದೆ. ಸೋಮಾರಿತನ ಎನ್ನುವವರಿದ್ದಾರೆ. ನಾನು ಅದರ ಪರ.

ಅಳತೆಯ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ಪಹಣಿಯಲ್ಲಿ 3.20 ಎಂದರೆ ಮೂರು ಎಕರೆ ಇಪ್ಪತ್ತು ಗುಂಟೆ, ಅಂದರೆ ಮೂರೂವರೆ ಎಕರೆ. ಅಂಥ ಎರಡು ಕೂಡಿದರೆ 7.00. ಎಕರೆಗೆ 40 ಗುಂಟೆ, ಗುಂಟೆಗೆ 16 ಆಣೆ. ಇದು ದಶಮಾಂಶವೆಂದು ನಂಬಿ ಕೂಡುವ ಪ್ರೋಗ್ರಾಂ 6.40 ಎಂದು ಹೇಳಿ ನಗೆಪಾಟಲಾಗುತ್ತದೆ. ಮೂರನ್ನೂ ಒಂದೇ ವಸ್ತುವಾಗಿ ಕಟ್ಟಿ, ಒಳಗೆ ಎಲ್ಲವನ್ನೂ ಆಣೆಯಲ್ಲಿಟ್ಟರೆ ನಿರಾಳ: 3.20 ಎಂದರೆ 2240 ಆಣೆ. ನಾಲ್ವರಿಗೆ ಹಂಚಿದರೆ ತಲಾ 560, ಸರಿಯಾಗಿ 35 ಗುಂಟೆ. ಮೂವರಿಗೆ ಹಂಚಿದರೆ ತಲಾ 746 ಆಣೆ, ಅಂದರೆ 1 ಎಕರೆ 6 ಗುಂಟೆ 10 ಆಣೆ. ಎರಡು ಆಣೆ ಉಳಿಯುತ್ತದೆ. ಆ ಎರಡು ಆಣೆಯನ್ನು ದೊಡ್ಡವನಿಗೆ ಕೊಡಬೇಕೋ ಚಿಕ್ಕವನಿಗೋ ಎಂಬುದನ್ನು ಮನೆಯವರು ತೀರ್ಮಾನಿಸಲಿ. ಕೋಡು ಅದನ್ನು ಸದ್ದಿಲ್ಲದೆ ನುಂಗಬಾರದು, ಅಷ್ಟೆ.

ಈಗ ಪೌತಿ ಖಾತೆಗೆ ಬರೋಣ. ನಮ್ಮ ಕಲ್ಪನೆಯ ಜಮೀನಿನ ಯಜಮಾನ ತೀರಿಕೊಂಡಿದ್ದಾನೆ. ಹೆಂಡತಿ, ಇಬ್ಬರು ಗಂಡುಮಕ್ಕಳು, ಒಬ್ಬ ಮಗಳು. ಒಂದು ಹೆಸರು ಹೋಗಿ ನಾಲ್ಕು ಹೆಸರು ಜಂಟಿಯಾಗಿ ಬರಬೇಕು. ಕಂದಾಯ ಇಲಾಖೆ ಇದನ್ನು ಮಾಡುವ ರೀತಿಯೇ ಒಂದು ಚೆಂದ. ಅರ್ಜಿ ಬಂದ ಕೂಡಲೇ ಪಹಣಿಯನ್ನು ಯಾರೂ ಮುಟ್ಟುವುದಿಲ್ಲ. ಬದಲಾವಣೆ ಮೊದಲು ಮ್ಯುಟೇಶನ್ ರಿಜಿಸ್ಟರಿಗೆ ಏರುತ್ತದೆ, ನೋಟಿಸು ಹೊರಡುತ್ತದೆ, ತಕರಾರಿಗೆ ಕಾಲ ಕೊಡುತ್ತಾರೆ. ಮೊದಲೆಲ್ಲ ಅದು 30 ದಿನ. ತಕರಾರಿಲ್ಲದಿದ್ದರೆ ಎಲ್ಲವೂ ಒಟ್ಟಿಗೆ ಪಹಣಿಗೆ ಇಳಿಯುತ್ತದೆ, ಇದ್ದರೆ ಅದು ತೀರುವವರೆಗೆ ಯಾವುದೂ ಇಳಿಯುವುದಿಲ್ಲ. ಮಗನ ಹೆಸರು ಬಂದು ಮಗಳ ಹೆಸರು ನಾಳೆಗೆ ಎಂಬ ಅರೆಬರೆ ಸ್ಥಿತಿಗೆ ಇಲ್ಲಿ ಜಾಗವಿಲ್ಲ. ಸಾಫ್ಟ್‌ವೇರ್ ವಿನ್ಯಾಸದ ಲೇಖಕ ಮಾರ್ಟಿನ್ ಫೌಲರ್ 2002ರ ತಮ್ಮ ಪುಸ್ತಕದಲ್ಲಿ ‘ಯುನಿಟ್ ಆಫ್ ವರ್ಕ್’ ಎಂದು ಹೆಸರಿಟ್ಟು ವಿವರಿಸಿದ್ದೂ ಇದನ್ನೇ: ಬದಲಾದುದನ್ನೆಲ್ಲ ಒಂದು ಕಡೆ ಗುರುತು ಮಾಡಿಕೊಳ್ಳುತ್ತಾ ಹೋಗು, ಕೊನೆಗೆ ಒಂದೇ ವಹಿವಾಟಿನಲ್ಲಿ ಬರೆ. ಓಆರ್‌ಎಂನ ಸೆಶನ್ ನಮಗಾಗಿ ಹೊತ್ತು ತಿರುಗುವುದು ಈ ರಿಜಿಸ್ಟರನ್ನೇ.

2000ದ ಸುಮಾರಿಗೆ ‘ಭೂಮಿ’ ಯೋಜನೆಯಲ್ಲಿ ರಾಜ್ಯದ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಏರಿದವು. ಆಗ ಇದ್ದದ್ದು 177 ತಾಲ್ಲೂಕು. ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ ಅದರ ಹಿಂದಿದ್ದರು, ಸಾಫ್ಟ್‌ವೇರ್ ಎನ್‌ಐಸಿಯದು. ಅರ್ಜಿಗಳನ್ನು ಬಂದ ಸರದಿಯಲ್ಲೇ ವಿಲೇವಾರಿ ಮಾಡಬೇಕು, ದಾಖಲೆ ತಿದ್ದುವ ಸಿಬ್ಬಂದಿ ಬೆರಳಚ್ಚು ಒತ್ತಬೇಕು ಎಂಬ ಕಟ್ಟುಗಳನ್ನು ಆಗಲೇ ಹಾಕಿದ್ದರು. ಹಳೆಯ ಹೆಸರು ಹೊಸ ಪಹಣಿಯಲ್ಲಿ ಕಾಣದಿದ್ದರೂ ಎಂ.ಆರ್. ನಂಬರು ಹಿಡಿದು ಹಿಂದಕ್ಕೆ ನಡೆದರೆ ಸಿಗುತ್ತದೆ. ಅಳಿಸುವುದೆಂದರೆ ಇಲ್ಲಿ ಮುಕ್ತಾಯದ ದಿನಾಂಕ ಹಾಕಿದ ಹಾಗೆ.

ಒಂದು ಪೌತಿ ಖಾತೆಗಿಂತ ದೊಡ್ಡ ಅಪ್‌ಡೇಟ್ ಒಂದನ್ನು ನಮ್ಮ ಸೀಮೆಯೇ ಕಂಡಿದೆ. 1997ರಲ್ಲಿ ಮೈಸೂರು ಜಿಲ್ಲೆಯನ್ನು ಒಡೆದು ಚಾಮರಾಜನಗರ ಜಿಲ್ಲೆ ಮಾಡಿದರು. ಚಾಮರಾಜನಗರ, ಗುಂಡ್ಲುಪೇಟೆ, ಕೊಳ್ಳೇಗಾಲ, ಯಳಂದೂರು ತಾಲ್ಲೂಕುಗಳು ತಾಯಿ ಬದಲಿಸಿದವು. ಕೋಷ್ಟಕದ ಕಣ್ಣಿನಲ್ಲಿ ನೋಡಿ: ಜಿಲ್ಲೆಯ ಟೇಬಲಿಗೆ ಹೊಸ ಸಾಲು ಒಂದು, ತಾಲ್ಲೂಕಿನ ಟೇಬಲಿನಲ್ಲಿ ನಾಲ್ಕು ಫಾರಿನ್ ಕೀ ಬದಲು. ಹೋಬಳಿಗಳು, ಹಳ್ಳಿಗಳು, ಅವುಗಳೊಳಗಿನ ಸರ್ವೆ ನಂಬರುಗಳು, ಹಿಸ್ಸಾಗಳು, ಬೇಗೂರಿನ ಬಾಳೆ, ಹಂಗಳದ ಹುರುಳಿ, ಯಾವುದೂ ಅಲುಗಲಿಲ್ಲ. ಐದು ಸಾಲು ಬರೆದು ಒಂದು ಸೀಮೆಯನ್ನು ಎತ್ತಿಡುವ ಈ ಮಿತವ್ಯಯಕ್ಕಿಂತ ಸೊಗಸಾದ ಉದಾಹರಣೆಯನ್ನು ನಾನು ಯಾವ ಪಠ್ಯಪುಸ್ತಕದಲ್ಲೂ ಕಂಡಿಲ್ಲ. ಮುಂದೆ ಕೊಳ್ಳೇಗಾಲದಿಂದ ಹನೂರು ಬೇರೆ ತಾಲ್ಲೂಕಾದಾಗ ಅದೇ ಆಟ ಒಂದು ಮೆಟ್ಟಿಲು ಕೆಳಗೆ ನಡೆಯಿತು.

ಇದು ಸಾಧ್ಯವಾಗಬೇಕಾದರೆ ಊರಿನ ಹೆಸರು ಊರಿನ ಗುರುತಾಗಿರಬಾರದು. ಚಾಮರಾಜನಗರ ಮೊದಲು ಅರಿಕುಠಾರ; ತಂದೆ ಚಾಮರಾಜ ಒಡೆಯರು ಹುಟ್ಟಿದ ಊರೆಂದು ಮುಮ್ಮಡಿ ಕೃಷ್ಣರಾಜ ಒಡೆಯರು 1818ರಲ್ಲಿ ಈಗಿನ ಹೆಸರಿಟ್ಟರು. ಗುಂಡ್ಲುಪೇಟೆಗೆ ಹಿಂದೆ ವಿಜಯಪುರ ಎಂಬ ಹೆಸರಿತ್ತು, ಮತ್ತು 2014ರಿಂದ ಬಿಜಾಪುರವೂ ವಿಜಯಪುರ. ಹೆಸರನ್ನೇ ಪ್ರೈಮರಿ ಕೀ ಮಾಡಿಕೊಂಡಿದ್ದ ಕಲ್ಪನೆಯ ಡೇಟಾಬೇಸಿನಲ್ಲಿ ಗೋಪಾಲಸ್ವಾಮಿ ಬೆಟ್ಟ ಗೋಲಗುಮ್ಮಟದ ಪಕ್ಕಕ್ಕೆ ಬಂದು ನಿಲ್ಲುತ್ತಿತ್ತು! ಅರ್ಥವಿಲ್ಲದ ಒಂದು ಅಂಕೆಯನ್ನು ಕೀಯಾಗಿ ಕೊಟ್ಟರೆ ಹೆಸರು ಎಷ್ಟು ಸಲ ಬದಲಾದರೂ ಒಂದೇ ಕೋಶದ ತಿದ್ದುಪಡಿ.

ತೀರಾ ನಾಜೂಕಿನ ಒಂದು ಸಂಗತಿ ಬಾಕಿಯಿದೆ. ವಿಭಾಗವಾಗಿ, 140 ಗುಂಟೆ ನಾಲ್ವರಿಗೂ 35ರಂತೆ ಹಂಚಿಹೋಗಿದೆ ಎನ್ನಿ. ಇಬ್ಬರು ಗುಮಾಸ್ತರು ಅದೇ ನಂಬರನ್ನು ಏಕಕಾಲಕ್ಕೆ ತೆರೆದಿದ್ದಾರೆ. ಒಬ್ಬ ಅಣ್ಣನ ಸಾಲನ್ನು 40 ಮಾಡಿ ತಂಗಿಯದನ್ನು 30ಕ್ಕೆ ಇಳಿಸುತ್ತಾನೆ. ಇನ್ನೊಬ್ಬ ತಮ್ಮನ ಸಾಲಿನಲ್ಲಿ ಕೈತಪ್ಪಿನಿಂದ 45 ಒತ್ತಿ, ತಾನು ಮೊದಲು ಓದಿದ ಒಟ್ಟು ಹಾಗೇ ಇದೆ ಎಂದು ತಿಳಿದಿದ್ದಾನೆ. ಇಬ್ಬರೂ ಮುಟ್ಟಿದ್ದು ಬೇರೆ ಬೇರೆ ಸಾಲು. ಸಾಲಿನ ಮಟ್ಟದಲ್ಲಿ ಘರ್ಷಣೆಯೇ ಇಲ್ಲ. ಒಟ್ಟು ಮಾತ್ರ 150. ಕೂಡಿದರೆ 140 ಆಗಬೇಕೆಂಬ ನಿಯಮ ಯಾವ ಮಗುವಿನದೂ ಅಲ್ಲ, ತಾಯಿಯದು. ಫೌಲರ್ ಅವರಂತೆಯೇ ಸಾಫ್ಟ್‌ವೇರ್ ವಿನ್ಯಾಸದ ಬಗ್ಗೆ ಬರೆದ ಎರಿಕ್ ಇವಾನ್ಸ್ ತಮ್ಮ 2003ರ ಪುಸ್ತಕದಲ್ಲಿ ‘ಅಗ್ರಿಗೇಟ್’ ಎಂದದ್ದು ಇಂಥ ಕುಟುಂಬವನ್ನು: ಒಳಗಿನ ಯಾರನ್ನು ತಿದ್ದುವುದಿದ್ದರೂ ಬಾಗಿಲು ತಾಯಿಯದೇ, ನಿಯಮ ಪರೀಕ್ಷಿಸುವವಳೂ ಅವಳೇ. ಆದ್ದರಿಂದ ಮಗುಸಾಲನ್ನು ಮುಟ್ಟಿದಾಗಲೂ ಸರ್ವೆ ನಂಬರಿನ ಆವೃತ್ತಿ ಅಂಕೆ ಒಂದು ಏರಬೇಕು. ಜಾವಾದ ಓಆರ್‌ಎಂಗಳಿಗೆ ನಿಯಮಾವಳಿಯಾದ ಜೆಪಿಎಯಲ್ಲಿ ಹಾಗೆ ಬಲವಂತವಾಗಿ ಏರಿಸಲು ಬೇರೆಯೇ ಲಾಕ್ ವಿಧಾನ ಇಟ್ಟಿದ್ದಾರೆ. ಆಗ ಎರಡನೆಯ ಗುಮಾಸ್ತ ಓದಿದ್ದ ಆವೃತ್ತಿ ಹಳತಾಗಿ ಅವನ ಸೇವ್ ಬಿದ್ದುಹೋಗುತ್ತದೆ. ಅವನು ಹೊಸ ಪ್ರತಿ ತೆರೆದು ಮತ್ತೆ ಕೂಡಬೇಕು.

ಇಷ್ಟೆಲ್ಲ ಸರಿಯಾಗಿ ಕಟ್ಟಿದ ಮೇಲೆ ಎಸ್‌ಕ್ಯುಎಲ್‌ಆಲ್ಕೆಮಿಯ ಪ್ರತಿ ಆದೇಶವನ್ನೂ ತೋರಿಸುವ ಎಕೋ ಹಾಕಿ, ಆ ಪೌತಿ ಖಾತೆಯ ಸೇವ್ ಒತ್ತಿ ಲಾಗ್ ಓದಬೇಕು. ಮೊದಲು ಮ್ಯುಟೇಶನ್‌ನ ಒಂದು ಇನ್ಸರ್ಟ್, ಏಕೆಂದರೆ ಹೊಸ ಖಾತೆದಾರರು ಅದರ ನಂಬರನ್ನು ಹೊರಬೇಕು. ಯಾವುದು ಯಾವುದಕ್ಕೆ ಮುಂಚೆ ಎಂಬ ಈ ಲೆಕ್ಕವನ್ನು ಟೇಬಲುಗಳ ಅವಲಂಬನೆ ನೋಡಿ ಲೈಬ್ರರಿ ತಾನೇ ಹಾಕಿಕೊಂಡಿದೆ. ಅಳಿಸುವಾಗಲಾದರೆ ಇದೇ ಕ್ರಮ ತಲೆಕೆಳಗು, ಮಕ್ಕಳು ಮೊದಲು. ಆಮೇಲೆ ನಾಲ್ವರು ವಾರಸುದಾರರ ಇನ್ಸರ್ಟ್. ಇವುಗಳ ಹಿಂದೆಮುಂದೆ ತೀರಿಕೊಂಡವರ ಸಾಲಿಗೆ ಮುಕ್ತಾಯದ ದಿನಾಂಕ ಹಾಕುವ ಒಂದು ಅಪ್‌ಡೇಟ್, ಸರ್ವೆ ನಂಬರಿನ ಆವೃತ್ತಿಗೆ ಒಂದು ಅಪ್‌ಡೇಟ್. ಕಮಿಟ್. ಹನ್ನೊಂದನೇ ಕಾಲಂನ ಬೆಳೆಸಾಲದ ಹೆಸರೇ ಇಲ್ಲ, ಹನ್ನೆರಡರ ಅರಿಶಿನದ ಸುದ್ದಿಯಿಲ್ಲ. ಎರಡೂ ಇದ್ದಲ್ಲೇ ಇವೆ, ಇದ್ದ ಐಡಿಯಲ್ಲೇ.